ಅಟ್ಟದಿಂದ ಇಳಿಯುವ ಏಣಿ

ಕಾರ್ಕಳ ಮತ್ತು ಹೆಬ್ರಿ ತಾಲೂಕುಗಳ ಅಜೆಕಾರು, ಕಡ್ತಲ, ಮುನಿಯಾಲು ಕಡೆಯ ಕೃಷಿಕರ ಮನೆಗಳಲ್ಲಿ ಅಟ್ಟವೇ ಉಗ್ರಾಣ. ಘಟ್ಟದ ಬುಡದ ಈ ಊರುಗಳಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜೂನ್ ತಿಂಗಳಿನಿಂದ ನಾಲ್ಕು ತಿಂಗಳು ನೆಲವೇ ಬೆವರುವಂತಿರುತ್ತದೆ. ನೆಲದ ಮೇಲಿಟ್ಟ ಚೀಲ ಬೂಸಲು ಹಿಡಿಯುವುದು ಖಂಡಿತ. ಆದುದರಿಂದಲೇ ಹಿಂದಿನವರು ಅಕ್ಕಿ ಮುಡಿ, ಬೀಜದ ಭತ್ತ, ಕೊಬ್ಬರಿ, ಅಡಿಕೆ ಎಲ್ಲವನ್ನೂ ಅಟ್ಟಕ್ಕೇರಿಸಿದರು. ಮುಳಿಹುಲ್ಲಿನ ಮಾಡು ಹೋಗಿ ಹೆಂಚಿನ ಮಾಡು ಬಂದ ಮೇಲೂ ಈ ಪದ್ಧತಿ ಬದಲಾಗಲಿಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದುದು 1865ರಲ್ಲಿ. ಆ ಹೆಂಚು ಹಳ್ಳಿಗಳನ್ನು ತಲುಪಿದ ಮೇಲೆ ಅಟ್ಟವು ಹೆಚ್ಚು ಎತ್ತರವೂ ಹೆಚ್ಚು ಭದ್ರವೂ ಆಯಿತು.

ಅಡಿಕೆ ಬೆಳೆಗಾರನಿಗಂತೂ ಅಟ್ಟ ಹಣದ ಪೆಟ್ಟಿಗೆಯೇ ಸರಿ. ಹಣ್ಣಡಿಕೆ ಸುಮಾರು 40 ದಿನ ಅಂಗಳದ ಬಿಸಿಲಿನಲ್ಲಿ ಒಣಗಿ ಚಾಲಿಯಾಗುತ್ತದೆ. ಅದನ್ನು ಒಂದು ಮಳೆಗಾಲ ದಾಟಿಸಿ ಮಾರಿದರೆ ಹಳತು ಅಡಿಕೆಯ ಧಾರಣೆ. ಎರಡು ಮಳೆಗಾಲ ದಾಟಿಸಿದರೆ ಮಂಗಳೂರು ಪೇಟೆಯ ಭಾಷೆಯಲ್ಲಿ ಅದು ಡಬಲ್ ಚೋಲು. ಹೀಗೆ ವರ್ಷಗಟ್ಟಲೆ ಮೇಲಿರಬೇಕಾದ ಸರಕನ್ನು ಆಗಾಗ ನೋಡದೆ ಬಿಡುವಂತಿಲ್ಲ. ಹೆಂಚು ಸೋರಿದೆಯೇ, ಕುಟ್ಟೆ ಹುಳ ಬಿದ್ದಿದೆಯೇ, ಇಲಿ ಚೀಲ ಕೊರೆದಿದೆಯೇ ಎಂದು ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಹತ್ತಿ ನೋಡುವುದು ಅವಶ್ಯ. ಹತ್ತುವುದು ಕಷ್ಟವಾದರೆ ನೋಡುವುದು ತಪ್ಪುತ್ತದೆ. ನೋಡುವುದು ತಪ್ಪಿದರೆ ನಷ್ಟ.

ಈಗ ಅನೇಕ ಮನೆಗಳಲ್ಲಿ ಮನೆಯ ಪಕ್ಕದಲ್ಲಿಯೇ ಜೀಪು, ಕಾರು ಅಥವಾ ಟಿಲ್ಲರು ನಿಲ್ಲಿಸುವ ಕೊಟ್ಟಿಗೆ ಇದೆ. ಅದರ ಮಾಡಿನ ಕೆಳಗೆ ಹಲಗೆ ಹಾಸಿ ಅಟ್ಟ ಮಾಡಿಕೊಂಡವರೂ ಬಹಳ ಮಂದಿ. ಇಂಥ ಕಡೆ ಕಾಯಂ ಮೆಟ್ಟಿಲು ಕಟ್ಟಿದರೆ ವಾಹನಕ್ಕೆ ಜಾಗವಿಲ್ಲ. ಒರಗಿಸುವ ಏಣಿ ಇಟ್ಟುಕೊಂಡರೆ, ಅದು ಬೇಕಾದ ಹೊತ್ತಿನಲ್ಲಿ ತೋಟದಲ್ಲಿರುತ್ತದೆ ಇಲ್ಲವೆ ನೆರೆಮನೆಯಲ್ಲಿರುತ್ತದೆ. ಸಿಕ್ಕಿದರೂ ಸಿಮೆಂಟು ನೆಲದ ಮೇಲೆ ಅದರ ಕಾಲು ಜಾರುವ ಭಯ. ಮಳೆಗಾಲದಲ್ಲಿ ಒದ್ದೆ ಕಾಲಿನಿಂದ ಬಿದಿರೇಣಿ ಹತ್ತಿ ಬಿದ್ದು ಸೊಂಟ ಮುರಿದುಕೊಂಡರೆ ಒಂದು ವರ್ಷದ ಕೃಷಿ ಕೆಲಸವೇ ಹಿಂದೆ ಬೀಳುತ್ತದೆ. ಇದಕ್ಕೆ ಒಂದು ಪರಿಹಾರವೆಂದರೆ ಅಟ್ಟಕ್ಕೇ ಜೋಡಿಸಿದ, ಬೇಕಾದಾಗ ಕೆಳಗೆ ಎಳೆದುಕೊಂಡು ಕೆಲಸ ಮುಗಿದ ಮೇಲೆ ಮೇಲಕ್ಕೆ ಎತ್ತಿಡಬಹುದಾದ ಏಣಿ.

ಎರಡು ಬಗೆ

ಅಮೆರಿಕದಲ್ಲಿ ಮನೆಯ ಗ್ಯಾರೇಜಿನ ಅಟ್ಟಕ್ಕೆ ಮೂರು ಮಡಿಕೆಯ ಏಣಿ ಬಹಳ ರೂಢಿಯಲ್ಲಿದೆ. ಚೌಕಟ್ಟು, ಮುಚ್ಚಳ, ಸ್ಪ್ರಿಂಗು ಎಲ್ಲ ಸೇರಿಸಿಯೇ ಕಾರ್ಖಾನೆಯಲ್ಲಿ ತಯಾರಾಗಿ ಬರುತ್ತದೆ. ಅಲ್ಲಿಯ ಸಾಮಾನ್ಯ ಅಳತೆ ಇಪ್ಪತ್ತೆರಡೂವರೆ ಇಂಚು ಅಗಲ, 54 ಇಂಚು ಉದ್ದದ ಬಾಯಿ. ಸಿದ್ಧ ಏಣಿಗಳನ್ನು ನಮ್ಮ ದೇಶದಲ್ಲಿಯೂ ತರಿಸಿಕೊಳ್ಳಬಹುದು. ಅಟ್ಟದ ಕೆಳಗೆ ಜಾಗ ಕಡಿಮೆ ಇರುವವರಿಗೆ ಇದೇ ಸರಿ.

ಎರಡನೆಯದು ಮಡಿಕೆಯಿಲ್ಲದ ಒಂದೇ ಏಣಿ. ಮೇಲಿನ ತುದಿಯನ್ನು ಅಟ್ಟದ ಬಾಯಿಗೆ ತಿರುಗುವಂತೆ ಜೋಡಿಸಿ, ಕೆಳ ತುದಿಯನ್ನು ಹಗ್ಗ, ರಾಟೆ ಮತ್ತು ಎದುರುಭಾರದ ಸಹಾಯದಿಂದ ಎತ್ತಿ ಜಂತಿಗಳ ಕೆಳಗೆ ಅಡ್ಡಕ್ಕೆ ಮಲಗಿಸುವುದು. ಊರ ಬಡಗಿ ಮತ್ತು ಕಮ್ಮಾರ ಸೇರಿ ಇದನ್ನು ಮಾಡಬಲ್ಲರು. ಮುರಿದರೆ ಅವರೇ ದುರಸ್ತಿಯನ್ನೂ ಮಾಡಬಲ್ಲರು. ಸ್ಪ್ರಿಂಗು ತುಕ್ಕು ಹಿಡಿಯುವ ಈ ಹವೆಯಲ್ಲಿ, ವಾಹನದ ಕೊಟ್ಟಿಗೆಯಂತಹ ಉದ್ದನೆಯ ಜಾಗಕ್ಕೆ, ಈ ಎರಡನೆಯ ಬಗೆಯೇ ಹೆಚ್ಚು ಒಗ್ಗುತ್ತದೆ.

ಜಾಗ ಆರಿಸುವುದು

ಬಾಯಿ ತೆರೆಯುವ ಮೊದಲು ಅಟ್ಟಕ್ಕೆ ಹತ್ತಿ ಜಂತಿಗಳು ಯಾವ ದಿಕ್ಕಿಗೆ ಹೋಗಿವೆ, ಅವುಗಳ ನಡುವೆ ಎಷ್ಟು ಅಂತರವಿದೆ ಎಂದು ನೋಡಬೇಕು. ಬಾಯಿಯ ಉದ್ದವು ಜಂತಿಯ ಉದ್ದಕ್ಕೇ ಬರುವಂತೆ ಗುರುತು ಹಾಕಿದರೆ ಒಂದೇ ಜಂತಿ ಕಡಿದರೆ ಸಾಕು. ಅಂತರ ಎರಡು ಅಡಿ ಇದ್ದರೆ ಕಡಿಯುವುದೇ ಬೇಡ. ಅಡ್ಡಕ್ಕೆ ಗುರುತು ಹಾಕಿದರೆ ಎರಡು ಮೂರು ಜಂತಿಗಳು ಹೋಗುತ್ತವೆ, ಅಟ್ಟದ ಬಲವೂ ಹೋಗುತ್ತದೆ.

ಜಂತಿಯನ್ನು ಕಡಿಯಬಹುದು, ಆದರೆ ಮಾಡಿನ ಅಡ್ಡತೊಲೆಯನ್ನು ಎಂದಿಗೂ ಮುಟ್ಟಬಾರದು. ಹೆಂಚಿನ ಮಾಡಿನ ಭಾರವು ಪಕಾಸುಗಳ ಮೂಲಕ ಇಳಿದು ಎರಡು ಬದಿಯ ಗೋಡೆಗಳನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಅದನ್ನು ಹಿಡಿದಿಟ್ಟಿರುವುದೇ ಈ ಅಡ್ಡತೊಲೆ. ಅದನ್ನು ಕಡಿದ ದಿನ ಏನೂ ಆಗದಿರಬಹುದು. ಮಳೆಯಲ್ಲಿ ಹೆಂಚು ನೀರು ಕುಡಿದು ಭಾರವಾದಾಗ ಮುರಕಲ್ಲಿನ ಗೋಡೆ ಹೊರಕ್ಕೆ ವಾಲಿ ಬಿರುಕು ಬಿಡುತ್ತದೆ. ಕಬ್ಬಿಣದ ಟ್ರಸ್ ಹಾಕಿದ ಶೀಟಿನ ಮಾಡಿಗೂ ಇದೇ ಮಾತು; ಕೆಳಗಿನ ಪಟ್ಟಿಯನ್ನು ಕತ್ತರಿಸಕೂಡದು. ಯಾವುದು ಜಂತಿ, ಯಾವುದು ಅಡ್ಡತೊಲೆ ಎಂದು ಸಂಶಯವಿದ್ದರೆ, ಅದರ ತುದಿಗೆ ಪಕಾಸು ಬಂದು ಕೂಡಿದೆಯೇ ಎಂದು ನೋಡಬೇಕು. ಕೂಡಿದ್ದರೆ ಅದಕ್ಕೆ ಗರಗಸ ತಾಗಿಸಬಾರದು.

ಸಿಮೆಂಟು ಕಾಂಕ್ರೀಟಿನ ತಾರಸಿಯ ಮೇಲೆ ಶೀಟು ಹಾಕಿ ಅಡಿಕೆ ಒಣಗಿಸುವವರು ಏಣಿಯ ಬಾಯಿಯನ್ನು ತಾರಸಿ ಹಾಕುವಾಗಲೇ ಬಿಡಿಸಿಕೊಳ್ಳಬೇಕು. ಬಾಯಿಯ ನಾಲ್ಕೂ ಬದಿಗೆ ಹೆಚ್ಚಿನ ಸಲಾಕೆ, ನಾಲ್ಕು ಮೂಲೆಗಳಿಗೆ ಓರೆ ಸಲಾಕೆ ಹಾಕಿಸತಕ್ಕದ್ದು. ಆಮೇಲೆ ಒಡೆದು ತೆಗೆದರೆ ಸಲಾಕೆಗಳು ತುಂಡಾಗುತ್ತವೆ. ಇಂಜಿನಿಯರರ ಸಲಹೆಯಿಲ್ಲದೆ ಆ ಕೆಲಸಕ್ಕೆ ಕೈಹಾಕದಿರುವುದು ಒಳಿತು.

ಹತ್ತಿದವನ ತಲೆ ಮಾಡಿಗೆ ಬಡಿಯದಂತೆ ಬಾಯಿಯು ಮಾಡಿನ ನೆತ್ತಿಯ ಕೆಳಗೆ ಬಂದರೆ ಉತ್ತಮ. ಹಳೆಯ ಜಂತಿಗಳನ್ನು ಉಳಿಯ ತುದಿಯಿಂದ ಚುಚ್ಚಿ ನೋಡಬೇಕು. ಉಳಿ ಸುಲಭವಾಗಿ ಒಳಗಿಳಿದರೆ ಒಳಗೆ ಗೆದ್ದಲು ತಿಂದಿದೆ ಎಂದು ತಿಳಿಯತಕ್ಕದ್ದು. ಗೋಡೆಯೊಳಗೆ ಸೇರಿದ ತುದಿಯನ್ನು ಮುಖ್ಯವಾಗಿ ಪರೀಕ್ಷಿಸಬೇಕು. ಗೆದ್ದಲಿನ ಹಾವಳಿ ಹೆಚ್ಚಾಗಿ ಅಲ್ಲಿಯೇ.

ಬಾಯಿಗೆ ಚೌಕಟ್ಟು

ಕಡಿಯುವ ಜಂತಿಯನ್ನು ಮೊದಲು ಎರಡೂ ಕಡೆಯಲ್ಲಿ, ಬಾಯಿಯ ಗುರುತಿನಿಂದ ಹೊರಗೆ, ಕಂಬ ಕೊಟ್ಟು ನಿಲ್ಲಿಸಬೇಕು. ಅಟ್ಟದ ಮೇಲಿನ ಚೀಲಗಳನ್ನು ತೆಗೆದು ಬೇರೆ ಕಡೆ ಇಡಬೇಕು. ಬಳಿಕ ಬಾಯಿಯ ಎರಡೂ ಪಕ್ಕದ ಜಂತಿಗಳಿಗೆ ಅಷ್ಟೇ ಎತ್ತರದ ಇನ್ನೊಂದೊಂದು ಜಂತಿಯನ್ನು ಗೋಡೆಯಿಂದ ಗೋಡೆಯವರೆಗೆ ಜೋಡಿಸಿ, ಒಂದೂವರೆ ಅಡಿಗೆ ಒಂದರಂತೆ ಮೇಲೆ ಕೆಳಗೆ ಬೋಲ್ಟು ಹಾಕಿ ಬಿಗಿಯಬೇಕು. ಕಡಿದ ಜಂತಿ ಹೊರುತ್ತಿದ್ದ ಭಾರವೆಲ್ಲ ಇನ್ನು ಮುಂದೆ ಇವುಗಳ ಮೇಲೆಯೇ ಬರುವುದರಿಂದ ಒಂಟಿ ಜಂತಿ ಸಾಲದು.

ಜಂತಿ ಕಡಿಯುವಾಗ ಅಡ್ಡಮರದ ದಪ್ಪವನ್ನು ಮರೆಯಬಾರದು. ಬಾಯಿಯ ಗುರುತಿಗೇ ಕಡಿದುಬಿಟ್ಟರೆ ಅಡ್ಡಮರ ಕೂರಿಸಿದ ಮೇಲೆ ಬಾಯಿ ಆ ಕಡೆ ಈ ಕಡೆ ಚಿಕ್ಕದಾಗುತ್ತದೆ. ಅಡ್ಡಮರಗಳ ದಪ್ಪದಷ್ಟು ಹಿಂದಕ್ಕೆ ಕಡಿಯಬೇಕು. ಅಡ್ಡಮರವನ್ನು ಬರೀ ಮೊಳೆ ಹೊಡೆದು ನಿಲ್ಲಿಸುವುದು ತಪ್ಪು. ತುಂಡಿನ ತುದಿಗೆ ಹೊಡೆದ ಮೊಳೆ ಎಳೆಗಳ ಉದ್ದಕ್ಕೇ ಹೋಗುವುದರಿಂದ ಹಿಡಿತ ಕಡಿಮೆ. ಕಮ್ಮಾರನಿಂದ ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ ತೊಟ್ಟಿಲಿನಂತೆ ಮಾಡಿಸಿ, ಅದರೊಳಗೆ ಅಡ್ಡಮರದ ತುದಿ ಕೂರುವಂತೆ ಬೋಲ್ಟು ಹಾಕುವುದು ಸರಿಯಾದ ಕ್ರಮ. ಕಬ್ಬಿಣಕ್ಕೆ ಸತುವಿನ ಲೇಪವಿರಲಿ. ಮೂಲೆಮಟ್ಟ ಇಟ್ಟು ನೋಡಿ, ಎರಡು ಓರೆ ಅಳತೆಗಳೂ ಸಮ ಬಂದ ಮೇಲೆಯೇ ಪೂರ್ತಿ ಬಿಗಿಯಬೇಕು.

ಏಣಿಯ ಲೆಕ್ಕ

ಒರಗಿಸುವ ಏಣಿಯನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಹೊರಕ್ಕೆ ಇಡುವುದು ವಾಡಿಕೆ. ಮೇಲೆ ತಿರುಗಣೆಯಿಂದ ಹಿಡಿದಿರುವ ಏಣಿಗೆ ಅಷ್ಟು ನೆಟ್ಟಗೆ ಬೇಕಿಲ್ಲ. ಎರಡು ಅಡಿ ಎತ್ತರಕ್ಕೆ ಒಂದು ಅಡಿ ಹೊರಕ್ಕೆ ಇಟ್ಟರೆ ಮುದುಕರೂ ಹತ್ತಬಹುದು, ಲೆಕ್ಕವೂ ಸುಲಭ. ನೆಲದಿಂದ ತಿರುಗಣೆಯ ಸಲಾಕೆಗೆ 9 ಅಡಿ ಇದ್ದರೆ ಏಣಿಯ ಕಾಲು ನಾಲ್ಕೂವರೆ ಅಡಿ ಹೊರಕ್ಕೆ ಬರುತ್ತದೆ. ಏಣಿಯ ಉದ್ದ 10 ಅಡಿಗೆ ಒಂದು ಇಂಚಿನಷ್ಟು ಹೆಚ್ಚು. 8 ಅಡಿ ಇದ್ದರೆ ಕಾಲು 4 ಅಡಿ ಹೊರಕ್ಕೆ, ಉದ್ದ 9 ಅಡಿಗೆ ತುಸು ಕಡಿಮೆ. ಇಳಿದು ನಿಲ್ಲಲು ಇನ್ನೂ 3 ಅಡಿ ಬೇಕು. ಏಣಿ ಇಳಿಸುವಾಗ ವಾಹನವನ್ನು ಹೊರಗೆ ನಿಲ್ಲಿಸಬೇಕಾಗುವುದು.

ಬಾಯಿಯ ಉದ್ದವನ್ನೂ ಇದೇ ಲೆಕ್ಕದಿಂದ ತಿಳಿಯಬಹುದು. ಬಾಯಿ 3 ಅಡಿ ಉದ್ದವಿದ್ದರೆ, ಅದರ ಎದುರಿನ ಅಂಚಿನ ನೇರ ಕೆಳಗೆ ಏಣಿಯು 6 ಅಡಿ ಆಳದಲ್ಲಿರುತ್ತದೆ. ಎತ್ತರದ ಆಳು ಹತ್ತುವಾಗ ಹಣೆ ಆ ಅಂಚಿಗೆ ಬಡಿಯುತ್ತದೆ. ಮೂರೂವರೆ ಅಡಿ ಇದ್ದರೆ 7 ಅಡಿ ಸಿಗುತ್ತದೆ, 4 ಅಡಿ ಇದ್ದರೆ 8. ಜಂತಿ ಉಳಿಸುವ ಆಸೆಯಿಂದ ಬಾಯಿಯನ್ನು ಚಿಕ್ಕದು ಮಾಡುವುದು ಲಾಭದ ಕೆಲಸವಲ್ಲ. 4 ಅಡಿ ಉದ್ದ, 2 ಅಡಿ ಅಗಲ ಇರಲಿ.

ಮೆಟ್ಟಿಲುಗಳ ಅಂತರ ಎಲ್ಲ ಕಡೆ ಒಂದೇ ಇರಬೇಕು. ಕತ್ತಲಲ್ಲಿ ಇಳಿಯುವಾಗ ಕಣ್ಣಿಗಿಂತ ಕಾಲೇ ಲೆಕ್ಕ ಇಡುತ್ತದೆ. ಒಂದು ಮೆಟ್ಟಿಲು ತಪ್ಪಿದ್ದರೆ ಅಲ್ಲಿಯೇ ಮುಗ್ಗರಿಸುವುದು. ತಿರುಗಣೆಯಿಂದ ಅಟ್ಟದ ಹಲಗೆಗೆ ಇನ್ನೂ ಅರ್ಧ ಅಡಿ ಏರಬೇಕಿದ್ದರೆ ನೆಲದಿಂದ ಹಲಗೆಯವರೆಗೆ ಒಟ್ಟು 114 ಇಂಚು. ಇದನ್ನು 12 ಸಮ ಭಾಗ ಮಾಡಿದರೆ ಒಂದೊಂದು ಏರು ಒಂಬತ್ತೂವರೆ ಇಂಚು. ಹನ್ನೊಂದು ಮೆಟ್ಟಿಲು, ಹನ್ನೆರಡನೆಯದು ಅಟ್ಟವೇ.

ಮರಕ್ಕೆ ಬಲಿತ ಹಲಸು ಅಥವಾ ಸಾಗುವಾನಿ ಆಗಬಹುದು. ಕಾಲುಗಳು 4 ಇಂಚು ಅಗಲ, ಒಂದೂವರೆ ಇಂಚು ದಪ್ಪ. ಮೆಟ್ಟಿಲು 16 ಇಂಚು ಉದ್ದ, 5 ಇಂಚು ಅಗಲ, 1 ಇಂಚು ದಪ್ಪ. ಮೆಟ್ಟಿಲಿನ ತುದಿಯನ್ನು ಕಾಲಿನಲ್ಲಿ ತೋಡಿದ ಅರ್ಧ ಇಂಚಿನ ಗಾಡಿಯಲ್ಲಿ ಕೂರಿಸಿ, ಏಣಿ ಇಳಿಸಿದಾಗ ಮೆಟ್ಟಿಲು ಸಮತಟ್ಟಾಗಿ ನಿಲ್ಲುವಂತೆ ಓರೆಯಾಗಿ ತೋಡಬೇಕು. ಮೇಲೆ, ನಡುವೆ, ಕೆಳಗೆ ಮೂರು ಕಡೆ ಮೆಟ್ಟಿಲಿನ ಅಡಿಯಲ್ಲಿ ಕಬ್ಬಿಣದ ಸಲಾಕೆ ತೂರಿಸಿ ಎರಡೂ ಬದಿ ನಟ್ಟು ಬಿಗಿದರೆ ಕಾಲುಗಳು ಅಗಲುವುದಿಲ್ಲ. ಇಂಥ ಏಣಿ ಸುಮಾರು 24 ಕಿಲೊ ತೂಗುತ್ತದೆ. ತಿರುಗಣೆಗೆ ಬಾಗಿಲಿನ ಬಿಜಾಗರಿ ಸಾಲದು. ಮುಕ್ಕಾಲು ಇಂಚಿನ ಕಬ್ಬಿಣದ ಸಲಾಕೆ ಎರಡೂ ಕಾಲುಗಳ ಮೂಲಕ ಹಾದು, ಅಡ್ಡಮರಕ್ಕೆ ಬೋಲ್ಟು ಹಾಕಿದ ಕಬ್ಬಿಣದ ಕಿವಿಗಳಲ್ಲಿ ತಿರುಗಬೇಕು.

ಎದುರುಭಾರ

ಹಗ್ಗವನ್ನು ಏಣಿಯ ಕೆಳ ತುದಿಗೇ ಕಟ್ಟುವುದು ಸಹಜವಾಗಿ ತೋರಿದರೂ ಅದು ಅನುಕೂಲವಲ್ಲ. 10 ಅಡಿಯ ಏಣಿಯ ತುದಿಗೆ ಕಟ್ಟಿದರೆ ಎದುರುಭಾರವೂ ಹತ್ತು ಅಡಿಗಿಂತ ಹೆಚ್ಚು ಇಳಿಯಬೇಕು. ಗೋಡೆಯೇ ಅಷ್ಟು ಎತ್ತರವಿಲ್ಲ. ಆದುದರಿಂದ ತಿರುಗಣೆಯಿಂದ ಏಣಿಯ ಉದ್ದದ ಮೂರನೆಯ ಎರಡು ಭಾಗದಲ್ಲಿ, ಎಂದರೆ 6 ಅಡಿ 8 ಇಂಚಿನಲ್ಲಿ ಕಟ್ಟಬೇಕು. ಏಣಿ ಮಲಗಿದಾಗ ಆ ಜಾಗದ ನೇರ ಮೇಲೆ ಬರುವಂತೆ ಜಂತಿಗೆ ಒಂದು ರಾಟೆ, ಗೋಡೆಯ ಬಳಿ ಇನ್ನೊಂದು ರಾಟೆ. ಆಗ ಭಾರವು ಏಳು ಅಡಿ ಇಳಿದರೆ ಸಾಕು.

24 ಕಿಲೊ ಏಣಿಯನ್ನು ಹೀಗೆ ಎತ್ತಲು ಮೊದಲಿಗೆ ಸುಮಾರು ಒಂಬತ್ತೂವರೆ ಕಿಲೊದಷ್ಟು ಎಳೆತ ಬೇಕು. ಏಣಿ ಅಡ್ಡಕ್ಕೆ ಬರುತ್ತಿದ್ದಂತೆ ಅದು ಏರಿ 18 ಕಿಲೊ ಆಗುತ್ತದೆ. ಎದುರುಭಾರವನ್ನು 18 ಕಿಲೊ ಹಾಕಿದರೆ, ಇಳಿಸಿಟ್ಟ ಏಣಿಯು ಮನುಷ್ಯ ಕಾಲು ತೆಗೆದ ಕೂಡಲೆ ತಾನಾಗಿ ಮೇಲಕ್ಕೆ ಹಾರುತ್ತದೆ; ಮೇಲಿರುವವನು ಮೇಲೆಯೇ ಉಳಿಯುತ್ತಾನೆ. 8 ಕಿಲೊ, ಎಂದರೆ ಏಣಿಯ ತೂಕದ ಮೂರನೆಯ ಒಂದು ಭಾಗ ಹಾಕಿದರೆ ಏಣಿ ಇಳಿದಲ್ಲಿಯೇ ನಿಲ್ಲುತ್ತದೆ, ಎತ್ತುವಾಗ ಕೈಗೆ ಹೆಚ್ಚೆಂದರೆ 10 ಕಿಲೊ ಭಾರ. ಹೆಂಗಸರೂ ಎತ್ತಬಹುದು. ತಗಡಿನ ಡಬ್ಬಿಯಲ್ಲಿ ಮರಳು ತುಂಬಿ, ತೂಗಿ ನೋಡಿ ಹೆಚ್ಚು ಕಡಿಮೆ ಮಾಡಿದರೆ ಸರಿಹೋಗುತ್ತದೆ. ಭಾರವು ಇಳಿಯುವ ದಾರಿಗೆ ಹಲಗೆಯ ಗೂಡು ಕಟ್ಟಬೇಕು. ಮಕ್ಕಳ ತಲೆಯ ಮೇಲೆ ಅದು ತೂಗಾಡಬಾರದು.

ಮೇಲೆತ್ತಿದ ಏಣಿಯನ್ನು ಹಗ್ಗದ ಮೇಲೆ ನಂಬಿ ಬಿಡಬಾರದು. ಜಂತಿಗೆ ಎರಡು ಕಬ್ಬಿಣದ ಕೊಕ್ಕೆ ಹಾಕಿ ಏಣಿಯ ಎರಡೂ ಕಾಲುಗಳನ್ನು ಅದರಲ್ಲಿ ಕೂರಿಸಬೇಕು. ತೆಂಗಿನ ನಾರಿನ ಹಗ್ಗ ಮಳೆಗಾಲದ ತೇವದಲ್ಲಿ ಒಳಗಿನಿಂದಲೇ ಸವೆಯುವುದರಿಂದ ನೈಲಾನ್ ಹಗ್ಗ ಮೇಲು. ಕೊಕ್ಕೆ ತಪ್ಪಿ 24 ಕಿಲೊ ಮರ ತಲೆಯ ಮೇಲೆ ಬೀಸಿ ಬಂದರೆ ಏನಾಗುವುದೆಂದು ಬರೆಯಬೇಕಾದ್ದಿಲ್ಲ.

ಸಿದ್ಧ ಏಣಿ ತರಿಸಿದವರಿಗೆ

ಮೂರು ಮಡಿಕೆಯ ಏಣಿಯಲ್ಲಿ ತಪ್ಪಾಗುವುದು ಹೆಚ್ಚಾಗಿ ಕೆಳಗಿನ ಮಡಿಕೆಯನ್ನು ಕತ್ತರಿಸುವಾಗ. ಕಾಲು ಉದ್ದವಾದರೆ ನಡುವಿನ ಸಂದುಗಳು ಬಾಯಿ ಬಿಡುತ್ತವೆ. ಆಗ ಹತ್ತುವವನ ಭಾರ ಮರದಿಂದ ಮರಕ್ಕೆ ಹೋಗದೆ ಬಿಜಾಗರಿಯ ಬೋಲ್ಟಿನ ಮೇಲೆ ಬೀಳುತ್ತದೆ. ಗಿಡ್ಡವಾದರೆ ಏಣಿ ನೆಲ ಮುಟ್ಟದೆ ಮೇಲಿನ ತೋಳುಗಳಲ್ಲಿಯೇ ನೇತಾಡುತ್ತದೆ. ಎರಡೂ ಅಪಾಯ. ಮೊದಲ ಎರಡು ಮಡಿಕೆಗಳನ್ನು ನೇರ ಬಿಡಿಸಿ, ಕೆಳಕ್ಕೆ ಚೆನ್ನಾಗಿ ಒತ್ತಿ ಹಿಡಿದು, ಅದೇ ಓರೆಯಲ್ಲಿ ನೆಲದವರೆಗೆ ಅಳೆಯಬೇಕು. ಕಾಲಿನ ಮುಂದಿನ ಅಂಚು ಬೇರೆ, ಹಿಂದಿನ ಅಂಚು ಬೇರೆ ಅಳೆದು ಗೆರೆ ಎಳೆದರೆ ಕಾಲಿನ ಅಡಿ ನೆಲಕ್ಕೆ ಪೂರ್ತಿ ಕೂರುತ್ತದೆ. ವಾಹನದ ಕೊಟ್ಟಿಗೆಯ ನೆಲವನ್ನು ನೀರು ಹರಿಯಲೆಂದು ಬಾಗಿಲ ಕಡೆಗೆ ಇಳಿಜಾರು ಮಾಡಿರುತ್ತಾರೆ. ಹಾಗಿರುವಾಗ ಎಡಗಾಲು ಬಲಗಾಲುಗಳ ಅಳತೆ ಒಂದೇ ಆಗಬೇಕಿಲ್ಲ. ಎರಡನ್ನೂ ಬೇರೆ ಬೇರೆ ಅಳೆಯತಕ್ಕದ್ದು. ಎಳೆದು ನಿಂತಿರುವ ಸ್ಪ್ರಿಂಗಿನ ಬೋಲ್ಟನ್ನು ಸಡಿಲಿಸಕೂಡದು. ಅದು ಕೈಬೆರಳು ಮುರಿಯುವಷ್ಟು ಬಲದಿಂದ ಚಿಮ್ಮುತ್ತದೆ.

ಇಂಥ ಏಣಿಯ ಮೇಲೆ ಎಷ್ಟು ಭಾರ ತಡೆಯುವುದೆಂದು ಬರೆದಿರುತ್ತದೆ. ಅದು ಮನುಷ್ಯ ಮತ್ತು ಹೊರೆ ಎರಡೂ ಸೇರಿದ ಭಾರ. 65 ಕಿಲೊದ ಆಳು 50 ಕಿಲೊದ ಚೀಲ ಹೊತ್ತರೆ 115 ಕಿಲೊ ಆಯಿತು. ತಡೆಯುವ ಏಣಿಯೇ ಆದರೂ ಹೊತ್ತವನ ಎರಡು ಕೈಯೂ ಚೀಲದ ಮೇಲಿರುತ್ತವೆ, ಹಿಡಿದುಕೊಳ್ಳಲು ಕೈಯಿಲ್ಲ.

ಚೀಲಕ್ಕೆ ಬೇರೆ ದಾರಿ

ಏಣಿ ಮನುಷ್ಯನಿಗೆ ಮಾತ್ರ. ಮಾಡಿನ ಮುಖದ ಗೋಡೆಯಲ್ಲಿ ಅಂಗಳದ ಕಡೆಗೆ ಒಂದು ಬಾಗಿಲು ಇಟ್ಟು, ಅದರ ಮೇಲೆ ಹೊರಚಾಚಿದ ತೊಲೆಗೆ ರಾಟೆ ಕಟ್ಟಿದರೆ ಚೀಲಗಳು ಅಂಗಳದಿಂದಲೇ ನೇರ ಅಟ್ಟಕ್ಕೆ ಹೋಗುತ್ತವೆ. ಒಂದೇ ರಾಟೆಯಿಂದ ಎಳೆತದ ದಿಕ್ಕು ಬದಲಾಗುತ್ತದೆಯೇ ಹೊರತು ಭಾರ ಕಡಿಮೆಯಾಗದು. ಅಲ್ಲದೆ 50 ಕಿಲೊ ಚೀಲವನ್ನು 50 ಕಿಲೊ ಬಲದಿಂದ ಎಳೆಯುವಾಗ ತೊಲೆಯ ಮೇಲೆ 100 ಕಿಲೊ ಬೀಳುತ್ತದೆ. ಚೀಲದ ಜೊತೆಯಲ್ಲಿಯೇ ಏರುವ ಎರಡನೆಯ ರಾಟೆಯೊಂದನ್ನು ಹಾಕಿದರೆ ಎಳೆಯಬೇಕಾದುದು 25 ಕಿಲೊಗೆ ಸ್ವಲ್ಪ ಹೆಚ್ಚು. ಹಗ್ಗ ಎರಡರಷ್ಟು ಎಳೆಯಬೇಕು, ಅಷ್ಟೇ. ಚೀಲ ಮೇಲಿರುವಾಗ ಅದರ ಕೆಳಗೆ ಯಾರೂ ನಿಲ್ಲಬಾರದು. ಅಟ್ಟದಲ್ಲಿ ಚೀಲಗಳನ್ನು ನಡುವೆ ರಾಶಿ ಹಾಕದೆ ಗೋಡೆಯ ಬದಿಗೆ, ಜಂತಿಯ ತುದಿಗಳ ಹತ್ತಿರ ಪೇರಿಸಬೇಕು. ಬಾಯಿಗೆ ಕಡಿದ ಜಂತಿಯ ಉಳಿದ ತುಂಡುಗಳ ಮೇಲೆ ಭಾರ ಹೇರದಿರುವುದು ಕ್ಷೇಮ.

ಬೆಂಕಿ ಮತ್ತು ವಾಸನೆ

ಕೆಳಗೆ ಪೆಟ್ರೋಲು, ಡೀಸೆಲು, ಔಷಧಿ ಸಿಂಪಡಿಸುವ ಯಂತ್ರ. ಮೇಲೆ ಒಣಗಿದ ಗೋಣಿ, ಅಡಿಕೆ ಸಿಪ್ಪೆ, ಕೊಬ್ಬರಿ. ಬಾಯಿಯು ಬೆಂಕಿಗೆ ಹೊಗೆಕೊಳವೆಯಂತೆ ಕೆಲಸ ಮಾಡುತ್ತದೆ. ಕೊಟ್ಟಿಗೆಯ ಅಟ್ಟವೂ ಮನೆಯ ಅಟ್ಟವೂ ಒಂದೇ ಮಾಡಿನ ಕೆಳಗೆ ಕೂಡಿಕೊಂಡಿದ್ದರೆ ಕೆಳಗಿನ ಬೆಂಕಿ ಮನೆಯ ನೆತ್ತಿಗೇ ಹೋಗುತ್ತದೆ. ಆದ್ದರಿಂದ ಎರಡು ಅಟ್ಟಗಳ ನಡುವೆ ಮಾಡಿನ ತನಕ ಗೋಡೆ ಎತ್ತಿಸಬೇಕು. ಬಾಯಿಗೆ ಅಟ್ಟದ ಮೇಲ್ಬದಿಯಿಂದ ಎರಡು ಪಡಿಯ ಮುಚ್ಚಳ ಮಾಡಿಸಿ ಅಡಿಗೆ ಸತುವಿನ ತಗಡು ಹೊಡೆಸತಕ್ಕದ್ದು. ಮುಚ್ಚಳವಿದ್ದರೆ ಇಲಿಯ ಓಡಾಟವೂ ತಗ್ಗುತ್ತದೆ, ವಾಹನದ ಹೊಗೆಯ ವಾಸನೆ ಅಕ್ಕಿಗೂ ಅಡಿಕೆಗೂ ಹಿಡಿಯುವುದಿಲ್ಲ. ಮುಚ್ಚಳವನ್ನು ಬೇಸಗೆಯಲ್ಲಿ ಬಿಗಿಯಾಗಿ ಕೂರಿಸಿದರೆ ಜುಲೈ ತಿಂಗಳಲ್ಲಿ ಮರ ಉಬ್ಬಿ ತೆರೆಯಲು ಬರದು; ಸುತ್ತಲೂ ಕಾಲು ಇಂಚು ಬಿಡಬೇಕು.

ಬಾಯಿಯ ಮೂರು ಬದಿಗೆ 3 ಅಡಿ ಎತ್ತರದ ಕಟಕಟೆ, ಹತ್ತಿ ಬಂದವನು ಹಿಡಿದುಕೊಳ್ಳಲು ಒಂದು ಗಟ್ಟಿ ಕಂಬ, ಕೆಳಗಿನಿಂದಲೇ ಹೊತ್ತಿಸಬಹುದಾದ ಒಂದು ದೀಪ, ಇವನ್ನು ಆಮೇಲೆ ಮಾಡೋಣವೆಂದು ಬಿಡುವವರೇ ಹೆಚ್ಚು. ಅಟ್ಟದಿಂದ ಬೀಳುವವರು ಏಣಿಯಿಂದ ಮಾತ್ರ ಬೀಳುವುದಿಲ್ಲ. ಚೀಲ ಎಣಿಸುತ್ತ ಹಿಂದೆ ಹಿಂದೆ ಸರಿದು ತೆರೆದ ಬಾಯಿಯಿಂದಲೂ ಬೀಳುತ್ತಾರೆ. ಎಳೆಯುವ ಹಗ್ಗವನ್ನು ಸುತ್ತಿಡುವ ಗೂಟ ಆರು ಅಡಿ ಎತ್ತರದಲ್ಲಿರಲಿ, ಚಿಕ್ಕ ಮಕ್ಕಳ ಕೈಗೆ ಸಿಗಬಾರದು.

ಪ್ರತಿವರ್ಷ ಮೇ ತಿಂಗಳಲ್ಲಿ, ಹೆಂಚು ಸರಿಮಾಡಿಸುವಾಗಲೇ, ಏಣಿಯ ಬೋಲ್ಟುಗಳನ್ನು ಬಿಗಿದು, ತಿರುಗಣೆಗೂ ರಾಟೆಗೂ ಗ್ರೀಸು ಹಚ್ಚಿ, ಹಗ್ಗವನ್ನು ಉದ್ದಕ್ಕೂ ಕೈಯಾಡಿಸಿ ನೋಡಬೇಕು. ಜಂತಿ ಮತ್ತು ಅಡ್ಡಮರಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದರೆ ಗೆದ್ದಲು ದೂರವಿರುತ್ತದೆ. ಆದರೆ ಆ ಎಣ್ಣೆ ಚರ್ಮ ಸುಡುವಂಥದು. ಕೈಯಿಂದ ಹಿಡಿಯುವ, ಬರಿಗಾಲಿಡುವ ಮೆಟ್ಟಿಲುಗಳಿಗೆ ಅದನ್ನು ಹಚ್ಚಬಾರದು.